ಒಂದು ಸೇರು ಬಿತ್ತನೆ ರಾಗಿ

ಮಾಗಡಿ ಸೀಮೆಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಆಳೆತ್ತರದ ಮಣ್ಣಿನ ವಾಡೆಯೊಂದಿತ್ತು. ಬುಡದಲ್ಲಿ ಅಂಗೈ ಅಗಲದ ಕಿಂಡಿ, ಕಿಂಡಿಗೆ ಹಳೆ ಬಟ್ಟೆಯ ಉಂಡೆ. ಉಂಡೆಯನ್ನು ಎಳೆದರೆ ರಾಗಿ ಸರ್ರನೆ ಮೊರಕ್ಕೆ ಇಳಿಯುತ್ತಿತ್ತು. ಮಳೆ ಹಿಡಿದ ಸಂಜೆ ಒಳಗೆ ಆ ಸದ್ದು ಕೇಳಿದರೆ ಸಾಕು, ಹೊಟ್ಟೆಗೆ ಧೈರ್ಯ ಬರುತ್ತಿತ್ತು. ವಾಡೆಯಲ್ಲಿದ್ದದ್ದು ಊಟದ ರಾಗಿ. ಬಿತ್ತನೆಯದು ಅಟ್ಟದ ಮೇಲೆ, ಬೂದಿ ಬೆರೆಸಿ, ಬೇವಿನ ಸೊಪ್ಪು ಮುಚ್ಚಿ, ಬಾಯಿಗೆ ಸಗಣಿ ಮೆತ್ತಿದ ಮಡಕೆಗಳಲ್ಲಿ. ಒಂದರಲ್ಲಿ ಗಿಡ್ಡ ರಾಗಿ, ಇನ್ನೊಂದರಲ್ಲಿ ಹುಲ್ಲುಬಿಳಿಯ, ಮತ್ತೊಂದರಲ್ಲಿ ಗುಟ್ಟೆ. ಎಂಥ ಬರ ಬಂದರೂ, ಮನೆಗೆ ಎಷ್ಟು ನೆಂಟರು ಬಂದರೂ, ಅಜ್ಜಿ ಆ ಮಡಕೆಗಳಿಗೆ ಕೈ ಹಾಕುತ್ತಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಆ ಸಾಲಿಗೆ ಪುಟ್ಟ ಬಟ್ಟೆ ಚೀಲವೊಂದು ಬಂದು ಸೇರಿತು. ಅಪ್ಪ ರೇಡಿಯೋದಲ್ಲಿ ಕೃಷಿರಂಗ ಕೇಳಿ, ಬೆಳಗಿನ ಜಾವದ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾನಿಲಯದ ಆವರಣ ಜಿಕೆವಿಕೆಯಿಂದ ತಂದಿದ್ದ ಚೀಲ ಅದು. ಒಂದು ಸೇರಿನಷ್ಟು ರಾಗಿ. ಅದರ ಹೆಸರು ಇಂಡಾಫ್. ನಾವು ಮಕ್ಕಳು ಆ ಹೆಸರನ್ನು ಮಂತ್ರದ ಹಾಗೆ ಹೇಳಿಕೊಂಡು ಹಟ್ಟಿ ತುಂಬ ಓಡಾಡಿದೆವು. ಅಜ್ಜಿ ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಬೆರಳಿನಿಂದ ಕೆದಕಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. “ಕಾಳು ಚೆಂದಾಗೈತೆ. ಹುಲ್ಲು ಹೆಂಗೋ ಏನೋ” ಅಂದಳು.

ಅಜ್ಜಿಯ ಆ ಮಾತಿಗೆ ಆಮೇಲೆ ಬರುತ್ತೇನೆ. ವಿಶ್ವವಿದ್ಯಾನಿಲಯ ಎಂಬ ಪದ ಕಿವಿಗೆ ಬಿದ್ದರೆ ಬಹಳ ಜನರಿಗೆ ಗಡಿಯಾರದ ಗೋಪುರ, ಕಪ್ಪು ನಿಲುವಂಗಿ, ಘಟಿಕೋತ್ಸವದ ಸಾಲು ಕಣ್ಣ ಮುಂದೆ ಬರುತ್ತವೆ. ನನಗೆ ಬರುವುದು ಆ ಬಟ್ಟೆ ಚೀಲ. ನಮ್ಮ ಮನೆಗೆ ವಿಶ್ವವಿದ್ಯಾನಿಲಯ ಮೊದಲು ಬಂದದ್ದು ಕಾಳಿನ ರೂಪದಲ್ಲಿ. ಅದರ ಮೆಟ್ಟಿಲು ಹತ್ತಿದ ಪದವೀಧರರು ನಮ್ಮ ವಂಶದಲ್ಲಿ ಹುಟ್ಟಿದ್ದು ಅದಕ್ಕಿಂತ ಎಷ್ಟೋ ತಡವಾಗಿ.

ರಾಗಿ ಹೂವನ್ನು ನೋಡಿದವರು ಕಡಿಮೆ. ರಾಗಿಯ ನಾಡಿನಲ್ಲೇ ಹುಟ್ಟಿ ಬೆಳೆದವರಲ್ಲೂ ಕಡಿಮೆ. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಒಂದು ಗಂಟೆಯಿಂದ ಐದು ಗಂಟೆಯೊಳಗೆ. ಸಾವಿರ ಕಾಳು ಸೇರಿದರೂ 3 ಗ್ರಾಂ ಆಸುಪಾಸು ತೂಗುವ ಬೆಳೆಯ ಹೂವು ಎಷ್ಟು ದೊಡ್ಡದಿದ್ದೀತು? ಆ ಹೂವಿನೊಳಗೇ ಗಂಡು, ಅದರೊಳಗೇ ಹೆಣ್ಣು. ಹೊರಗಿನ ಪರಾಗಕ್ಕೆ ದಾರಿ ಬಿಡುವ ಮೊದಲೇ ತನ್ನೊಳಗೇ ಕೂಡಿಕೊಂಡು ಕಾಳು ಕಟ್ಟಿಬಿಡುತ್ತದೆ. ಎರಡು ರಾಗಿಗಳ ನಡುವೆ ಮದುವೆ ಮಾಡಿಸುವುದೆಂದರೆ ದೀಪ ಹಿಡಿದು, ಉಸಿರು ಬಿಗಿಹಿಡಿದು ಮಾಡುವ ಕೆಲಸ. ಆದ್ದರಿಂದಲೇ ಬಹಳ ಕಾಲ ರಾಗಿ ಸುಧಾರಣೆ ಎಂದರೆ ಇರುವ ರಾಗಿಗಳಲ್ಲೇ ಒಳ್ಳೆಯ ತೆನೆ ಆರಿಸುವುದಷ್ಟೇ ಆಗಿತ್ತು.

ಈ ಹೂವಿನ ಎದುರು ಒಂದು ಜೀವಮಾನ ಕುಳಿತವರು ಸಿ.ಎಚ್. ಲಕ್ಷ್ಮಣಯ್ಯ. ಮೈಸೂರಿನ ಬಳಿಯ ಹಾರೋಹಳ್ಳಿಯವರು. ಮಂಡ್ಯದ ವಿ.ಸಿ. ಫಾರಂನಲ್ಲಿ, ಕನ್ನಂಬಾಡಿಯ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ, ಅವರ ರಾಗಿ ತಾಕುಗಳು. ರಾಗಿ ತಳಿಗಾರರು ಕಂಡುಕೊಂಡಿದ್ದ ಒಂದು ಉಪಾಯ ನನಗೆ ಕತೆಗಿಂತ ರುಚಿ. ಅರಳುವ ಮೊದಲು ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟುತ್ತಾರೆ. ತಾಯಿ ಹಸಿರು ಗಿಣ್ಣಿನದು, ತಂದೆ ನೇರಳೆ ಛಾಯೆಯ ಗಿಣ್ಣಿನದು. ತಾಯಿ ತೆನೆಯ ಕಾಳನ್ನೆಲ್ಲ ಬಿತ್ತಿದಾಗ ಮೇಲೇಳುವ ಪೈರಿನಲ್ಲಿ ಬಹುಪಾಲು ಹಸಿರು. ಅವು ತಾಯಿಯ ಪಡಿಯಚ್ಚು. ಅಲ್ಲೊಂದು ಇಲ್ಲೊಂದು ಪೈರಿನ ಗಿಣ್ಣು ನೇರಳೆ ತಿರುಗಿದ್ದರೆ ಅದೇ ಕೂಡಿ ಹುಟ್ಟಿದ ಕೂಸು. ಸಾವಿರಾರು ಪೈರಿನ ನಡುವೆ ಆ ನೇರಳೆಯ ಒಂದು ಎಳೆಯನ್ನು ಹುಡುಕುವ ಕಣ್ಣು ಬೇಕು. ಸಿಕ್ಕಿದ ಮೇಲೂ ಕೆಲಸ ಮುಗಿಯಲಿಲ್ಲ, ಅಲ್ಲಿಂದ ಶುರು. ಮೊಮ್ಮಗ, ಮರಿಮಗ, ಗಿರಿಮಗ ಎಂದು ತಲೆಮಾರಿನ ಮೇಲೆ ತಲೆಮಾರು ಬೆಳೆಸಿ, ಗುಣ ನಿಂತಿದೆಯೇ ಎಂದು ನೋಡಿ, ಬೇಡದ್ದನ್ನು ಕಿತ್ತು, ಕೊನೆಗೆ ಒಂದು ತಳಿ ರೈತನ ಕೈಗೆ ಬರುವ ಹೊತ್ತಿಗೆ ಎಂಟು ಹತ್ತು ವರ್ಷ ದಾಟಿರುತ್ತದೆ.

ಅವರು ಮೊದಲು ನಮ್ಮ ನೆಲದ ರಾಗಿಗಳನ್ನೇ ಕೂಡಿಸಿ ಅನ್ನಪೂರ್ಣ, ಕಾವೇರಿ, ಶಕ್ತಿ, ಉದಯ, ಪೂರ್ಣ ಎಂಬ ತಳಿಗಳನ್ನು ಕೊಟ್ಟರು. ಮನೆಯ ಹೆಣ್ಣುಮಕ್ಕಳಿಗೆ ಇಡುವಂಥ ಹೆಸರುಗಳು. ಆಮೇಲೆ ಆಫ್ರಿಕಾದ ರಾಗಿಯ ಕಡೆ ತಿರುಗಿದರು. ಆ ರಾಗಿಗೆ ಗಟ್ಟಿ ದಂಟು, ದಪ್ಪ ಇಲುಕು, ರೋಗ ತಡೆಯುವ ಕಸುವು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಯಾವುದೋ ಕಾಲದಲ್ಲಿ ಕಡಲು ದಾಟಿ ಬಂದು, ನಮ್ಮ ಕೆಂಪು ಮಣ್ಣಿಗೆ ಒಗ್ಗಿ, ನಮ್ಮದೇ ಆಗಿಹೋದ ಪೈರು ಅದು. ಸಾವಿರಾರು ವರ್ಷ ದೂರ ಉಳಿದ ಎರಡು ದಾಯಾದಿ ಮನೆಗಳ ನಡುವೆ ಲಕ್ಷ್ಮಣಯ್ಯನವರು ಮಂಡ್ಯದ ಗದ್ದೆಯಲ್ಲಿ ಮತ್ತೆ ನೆಂಟಸ್ತನ ಬೆಳೆಸಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ನಾವು ಹಟ್ಟಿಯಲ್ಲಿ ಜಪಿಸಿದ ಮಂತ್ರದ ಅರ್ಥ ಇಷ್ಟೇ ಎಂದು ತಿಳಿದದ್ದು ನನಗೆ ಕಾಲೇಜಿಗೆ ಹೋದ ಮೇಲೆ. ಮುಂಗಾರಿಗೆ ಒಂದು, ತಡವಾದ ಮಳೆಗೆ ಒಂದು, ಬೇಸಿಗೆಯ ನೀರಾವರಿಗೆ ಒಂದು ಎಂದು ಇಂಡಾಫ್‌ಗಳು ಸಂಖ್ಯೆ ಹೊತ್ತು ಸಾಲಾಗಿ ಬಂದವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದರು, ರಾಗಿ ಬ್ರಹ್ಮ ಎಂದರು. ಮುದ್ದೆ ಮುರಿಯುವ ಪ್ರತಿ ಮನೆಯಲ್ಲೂ ಅವರ ಪಟ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ವಿಶ್ವವಿದ್ಯಾನಿಲಯದ ಬೇರಿರುವ ಹೆಬ್ಬಾಳದ ಕತೆ ಲಕ್ಷ್ಮಣಯ್ಯನವರಿಗಿಂತ ಹಳೆಯದು. 1899ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದಾಗ, ರಾಜಪ್ರತಿನಿಧಿಯಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಲ್ಲಿ 30 ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಕ್ಕೆಂದು ಕೊಟ್ಟರು. ಲೇಹ್ಮನ್ ಎಂಬ ರಸಾಯನವಿಜ್ಞಾನಿ ಬಂದು ಮೈಸೂರು ಸೀಮೆಯ ಮಣ್ಣು ಪರೀಕ್ಷಿಸತೊಡಗಿದರು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಕೀಟ, ಶಿಲೀಂಧ್ರಗಳನ್ನು ಓದಿಕೊಂಡಿದ್ದ ತರುಣ. ಆಗ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಮರದ ಬುಡಕ್ಕೆ ಉದುರುವ ರೋಗ. ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಯುತ್ತಿದ್ದರು. ಕೋಲ್ಮನ್ ಹೆಬ್ಬಾಳದಲ್ಲೇ ಕುಳಿತು ಉತ್ತರ ಬರೆಯಲಿಲ್ಲ. ಆ ಮಳೆಯಲ್ಲಿ, ಆ ಜಿಗಣೆಗಳ ನಡುವೆ ತೋಟದಿಂದ ತೋಟಕ್ಕೆ ಹೋದರು. ರೋಗ ಹರಡುವ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಸಿ ತೋರಿಸಿದರು. ನೂರು ವರ್ಷ ದಾಟಿತು. ಇಂದಿಗೂ ಮಳೆ ಹಿಡಿಯುವ ಮುನ್ನ ಶೃಂಗೇರಿ, ತೀರ್ಥಹಳ್ಳಿ, ಸಾಗರದ ತೋಟಗಳಲ್ಲಿ ಅಡಿಕೆ ಗೊನೆಯ ಮೇಲೆ ನೀಲಿ ಪುಡಿ ಒಣಗಿರುವುದನ್ನು ನೋಡಬಹುದು.

ಮನೆಬಾಗಿಲಿಗೆ ಹೋಗಿ ಕೇಳುವ, ಮನೆಬಾಗಿಲಿಗೇ ತಂದು ಕೊಡುವ ಈ ರೂಢಿ ಮೊದಲು ಬಂತು; ವಿಶ್ವವಿದ್ಯಾನಿಲಯ ಎಂಬ ಹೆಸರು ಬಂದದ್ದು ಎಷ್ಟೋ ಆಮೇಲೆ, 1964ರಲ್ಲಿ. ಅಮೆರಿಕದ ಟೆನಿಸ್ಸಿ ವಿಶ್ವವಿದ್ಯಾನಿಲಯದವರು ಕಟ್ಟುವಾಗ ಕೈಜೋಡಿಸಿದ್ದರು. ಹಣ್ಣಿನ ಬೆಳೆಗಳ ದೊಡ್ಡ ವಿದ್ವಾಂಸರಾದ ಕೆ.ಸಿ. ನಾಯಕ್ ಮೊದಲ ಕುಲಪತಿ. 1969ರಲ್ಲಿ ಇಂದಿರಾ ಗಾಂಧಿಯವರು ಬಂದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವನ್ನು ಉದ್ಘಾಟಿಸಿದರು. ಆ ಉದ್ದ ಹೆಸರನ್ನು ರೈತರು ಜಿಕೆವಿಕೆ ಎಂದು ಮಡಿಸಿ ಜೇಬಿಗೆ ಹಾಕಿಕೊಂಡರು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕೆಲಸಗಳನ್ನು ಅದು ತನ್ನ ಮೇಲೆ ಹಾಕಿಕೊಂಡಿತು. ಮೊದಲ ಎರಡು ಎಲ್ಲ ಸಂಶೋಧನಾ ವಿಶ್ವವಿದ್ಯಾನಿಲಯಗಳಿಗೂ ಉಂಟು. ಮೂರನೆಯದು ನನಗೆ ಮುಖ್ಯ. ಅದಿಲ್ಲದಿದ್ದರೆ ನಮ್ಮಪ್ಪನ ಚೀಲ ಇಲ್ಲ.

ಜಿಕೆವಿಕೆಯೊಳಗೆ ನನಗೆ ತುಂಬ ಪ್ರಿಯವಾದ ಜಾಗವೊಂದಿದೆ. ಮೊದಲ ಸಲ ನೋಡುವವರಿಗೆ ಅಲ್ಲಿ ಏನೂ ಕಾಣಿಸುವುದಿಲ್ಲ. ಕೆಂಪು ಮಣ್ಣಿನ ಚಿಕ್ಕ ಚಿಕ್ಕ ತಾಕುಗಳು, ನಡುವೆ ಬದು, ತಾಕಿಗೊಂದು ಫಲಕ. ಒಣಬೇಸಾಯ ವಿಭಾಗದವರು 1978ರಿಂದ ಆ ತಾಕುಗಳಲ್ಲಿ ರಾಗಿಯನ್ನು ಬೆಳೆಯುತ್ತ ಬಂದಿದ್ದಾರೆ. ಕೆಲವು ತಾಕುಗಳಲ್ಲಿ ವರ್ಷ ಬಿಟ್ಟು ವರ್ಷ ಕಡಲೆಕಾಯಿ. ಒಂದು ತಾಕಿಗೆ ಏನೂ ಹಾಕುವುದಿಲ್ಲ. ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ. ಒಂದಕ್ಕೆ ಬರೀ ರಾಸಾಯನಿಕ ಗೊಬ್ಬರ, ನಮ್ಮೂರ ಮಾತಿನಲ್ಲಿ ಹೇಳುವುದಾದರೆ ಸರ್ಕಾರಿ ಗೊಬ್ಬರ. ಒಂದಕ್ಕೆ ಎರಡೂ. ಪ್ರತಿ ವರ್ಷವೂ ಅದೇ ತಾಕಿಗೆ ಅದೇ ಉಪಚಾರ, ಅದೇ ಅಳತೆ, ಅದೇ ಲೆಕ್ಕ. ಶುರು ಮಾಡಿದವರು ನಿವೃತ್ತರಾದರು, ಅವರ ಶಿಷ್ಯರೂ ನಿವೃತ್ತಿಯ ದಾರಿ ಹಿಡಿದರು. ತಾಕುಗಳಿಗೆ ಮಾತ್ರ ಒಂದು ವರ್ಷವೂ ಬಿಡುವಿಲ್ಲ.

ಹೀಗೆ ಕಾದದ್ದರಿಂದ ತಿಳಿದದ್ದೇನು? ಬರೀ ಸರ್ಕಾರಿ ಗೊಬ್ಬರ ಹಾಕಿದ ತಾಕಿನಲ್ಲಿ ಮೊದಮೊದಲು ಚೆನ್ನಾಗಿದ್ದ ಇಳುವರಿ ವರ್ಷಗಳು ಕಳೆದಂತೆ ಇಳಿಯುತ್ತ ಹೋಯಿತು. ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನಷ್ಟು ಆ ಗೊಬ್ಬರವೂ ಬಿದ್ದ ತಾಕು ನೆಲ ಬಿಡದೆ ನಿಂತಿತು. ಎರಡು ವರ್ಷ ನೋಡಿ ಕೈ ತೊಳೆದುಕೊಂಡಿದ್ದರೆ ಈ ಮಾತು ಎಂದಿಗೂ ಹೊರಬೀಳುತ್ತಿರಲಿಲ್ಲ. ಮಣ್ಣು ತನ್ನ ಮನಸ್ಸನ್ನು ನಿಧಾನವಾಗಿ ಹೇಳುತ್ತದೆ. ಅದು ಹೇಳಿ ಮುಗಿಸುವವರೆಗೆ ಕೂತು ಕೇಳುವ ಕಿವಿ ಯಾರಿಗಿದೆ? ಗೊಬ್ಬರ ಮಾರುವವರಿಗೆ ಅಷ್ಟು ಪುರುಸೊತ್ತಿಲ್ಲ. ಸಾಲ ತೀರಿಸಬೇಕಾದ ರೈತ ಒಂದು ತಾಕನ್ನು ಏನೂ ಹಾಕದೆ ನಲವತ್ತು ವರ್ಷ ಹಾಗೇ ಬಿಡಲಾರ. ಅವನ ಪರವಾಗಿ ಯಾರಾದರೂ ಕಾಯಬೇಕು, ಸೋತ ತಾಕನ್ನೂ ಗೆದ್ದ ತಾಕಿನಷ್ಟೇ ಶ್ರದ್ಧೆಯಿಂದ ಕೊಯ್ದು ತೂಗಬೇಕು. ಮೌಲ್ಯ ಎಂಬ ಪದವನ್ನು ಭಾಷಣಗಳಲ್ಲಿ ಕೇಳಿದಾಗಲೆಲ್ಲ ನನಗೆ ಆ ಬಡಕಲು ತಾಕು ನೆನಪಾಗುತ್ತದೆ, ಅದರ ಕಿರುಬೆರಳಿನಂಥ ತೆನೆಗಳು ನೆನಪಾಗುತ್ತವೆ.

ಆ ತಾಕುಗಳಲ್ಲಿ ಕೆಲಸ ಮಾಡುವ ಹೆಂಗಸರನ್ನು ನೋಡಬೇಕು. ಸುತ್ತಲ ಹಳ್ಳಿಗಳವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನಲ್ಲಿ ಬಾಗಿ, ಬೆರಕೆ ತೆಗೆಯುತ್ತ ಹೋಗುತ್ತಾರೆ. ಒಂದು ತಳಿಯ ತಾಕಿನಲ್ಲಿ ಇನ್ನೊಂದರ ಗಿಡ ನುಸುಳಿದ್ದರೆ ಅವರ ಕಣ್ಣಿಗೆ ತಟ್ಟನೆ ಬೀಳುತ್ತದೆ. ಎಲೆಯ ಬಾಗು ಬೇರೆ, ತೆನೆಯ ಮುದುಡು ಬೇರೆ ಎಂದು ಹೇಳಿ ಕಿತ್ತು ಬದುವಿಗೆ ಎಸೆಯುತ್ತಾರೆ. ಬಿತ್ತನೆ ಬೀಜದ ಶುದ್ಧತೆ ಆ ಕಣ್ಣುಗಳ ಮೇಲೆ ನಿಂತಿದೆ. ತಳಿಯ ಪ್ರಕಟಣೆಯಲ್ಲಿ ಅವರ ಹೆಸರಿರುವುದಿಲ್ಲ. ಇರಬೇಕು. ವಿದ್ವತ್ ಸಮುದಾಯ ಎನ್ನುವಾಗ ನಾನು ಅವರನ್ನೂ ಸೇರಿಸಿಯೇ ಎಣಿಸುತ್ತೇನೆ.

ಸೇರಿಸಬೇಕಾದವರು ಇನ್ನೂ ಇದ್ದಾರೆ. ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ತಿಂಗಳುಗಟ್ಟಲೆ ಹಳ್ಳಿಯಲ್ಲಿ ಉಳಿಯಬೇಕು. ಒಂದು ವರ್ಷ ನಮ್ಮೂರಿಗೂ ಒಂದು ತಂಡ ಬಂದಿತ್ತು. ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ ಅಗೆದು, ಪಾತಿ ಮಾಡಿ, ಹತ್ತಾರು ಬೆಳೆಗಳನ್ನು ಸಾಲಾಗಿ ಹಾಕಿ, ಅದಕ್ಕೆ ಬೆಳೆ ಸಂಗ್ರಹಾಲಯ ಎಂದು ಬೋರ್ಡು ಬರೆದರು. ಬೆಳಗ್ಗೆ ಎದ್ದು ಒಬ್ಬೊಬ್ಬರು ಒಂದೊಂದು ಮನೆಯವರ ಜೊತೆ ಹೊಲಕ್ಕೆ. ನಮ್ಮಮ್ಮನ ಹಿಂದೆ ಬರುತ್ತಿದ್ದ ಹುಡುಗಿ ಬೆಂಗಳೂರಿನವಳು. ಅಕ್ಕಡಿ ಸಾಲು ಎಂಬ ಮಾತನ್ನು ಅವಳು ಮೊದಲು ಕೇಳಿದ್ದು ಅಮ್ಮನ ಬಾಯಲ್ಲಿ. ರಾಗಿಯ ನಡುವೆ ಎಷ್ಟು ಸಾಲಿಗೊಮ್ಮೆ ಅವರೆ, ಎಲ್ಲಿ ತೊಗರಿ, ಬದುವಿನ ಅಂಚಿಗೆ ಯಾಕೆ ಹುಚ್ಚೆಳ್ಳು, ಸಾಸಿವೆ ಯಾವಾಗ ಕೀಳಬೇಕು ಎಂದು ಅಮ್ಮ ಹೇಳುತ್ತ ಹೋದಳು, ಅವಳು ಬರೆದುಕೊಳ್ಳುತ್ತ ಹೋದಳು. ಬೀಜೋಪಚಾರ ಹೇಗೆ, ಯಾಕೆ ಎಂದು ಅವಳು ಹೇಳಿಕೊಟ್ಟಳು, ಅಮ್ಮ ಕಲಿತಳು. ಹೊರಡುವ ದಿನ ಅಮ್ಮ ಅವಳ ಮಡಿಲಿಗೆ ಅವರೆಕಾಳು ಹಾಕಿ ಕಳಿಸಿದಳು. ಮಗಳನ್ನು ಕಳಿಸುವಾಗ ಹಾಕುವ ಹಾಗೆ.

ಅವರೆ ಎಂದೊಡನೆ ನಾಲಿಗೆ ಇನ್ನೊಂದು ದಿಕ್ಕಿಗೆ ಎಳೆಯುತ್ತಿದೆ. ನಾಟಿ ಅವರೆಗೆ ಹಗಲು ಗಿಡ್ಡವಾಗಬೇಕು, ಆಗಲೇ ಅದು ಹೂ ಬಿಡುವುದು. ಮಾಗಿಯ ಮಂಜು ಬಿದ್ದ ಕಾಯಿಯ ಮೈಗೆ ಅಂಟಂಟಾದ ಸೊಗಡು. ಕೀಳುವ ಕೈಗೆ ಮೆತ್ತಿಕೊಂಡದ್ದು ಸಂಜೆಯವರೆಗೂ ಹೋಗದು. ಹೆಬ್ಬಾಳದವರು ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆಯ ತಳಿಗಳನ್ನು ತಂದರು. ಈಗ ವರ್ಷದ ಯಾವ ತಿಂಗಳಲ್ಲೂ ಅವರೆ ಬೆಳೆದು ಮಾರಬಹುದು. ರೈತನ ಕೈಗೆ ಆಗಾಗ ನಾಲ್ಕು ಕಾಸು ಬಂತು, ಅದು ದೊಡ್ಡ ಮಾತು. ನನ್ನ ನಾಲಿಗೆ ಮಾತ್ರ ಸಂಕ್ರಾಂತಿಯ ಹೊತ್ತಿನ ಸೊಗಡಿನ ಅವರೆಗೇ ಕಾಯುತ್ತದೆ. ಎರಡೂ ನಿಜ. ಬೇಸಿಗೆಯಲ್ಲಿ ಸೊಗಡು ಕಡಿಮೆಯ ಅವರೆ ತಿಂದು ಸಂತೋಷಪಡುತ್ತೇನೆ, ಮಾಗಿಗೆ ಹಿತ್ತಲಿನ ನಾಟಿ ಬಳ್ಳಿಯನ್ನು ಉಳಿಸಿಕೊಳ್ಳುತ್ತೇನೆ.

ಇಂಡಾಫ್ ನಮ್ಮ ಹೊಲಕ್ಕೆ ಬಂದ ಮೊದಲ ವರ್ಷಕ್ಕೆ ವಾಪಸಾಗುತ್ತೇನೆ. ಅಪ್ಪ ಅದನ್ನು ಒಟ್ಲಲ್ಲಿ ಚೆಲ್ಲಿ, ಪೈರು ಕಿತ್ತು, ಕೆರೆ ಕೆಳಗಿನ ತುಂಡಿನಲ್ಲಿ ನಾಟಿ ಹಾಕಿದ. ತೆನೆ ಮುಷ್ಟಿ ಕಟ್ಟಿ ನಿಂತಾಗ ದಾರಿಯಲ್ಲಿ ಹೋಗುವವರು ಬದುವಿನ ಮೇಲೆ ನಿಲ್ಲತೊಡಗಿದರು. ಕಣದಲ್ಲಿ ರೋಣಗಲ್ಲು ತಿರುಗಿ, ತೂರಿ, ರಾಶಿ ಪೂಜೆ ಮಾಡಿ ಅಳೆದಾಗ ಅಪ್ಪ ಎರಡು ಸಲ ಲೆಕ್ಕ ತಪ್ಪಿ ಮೂರನೇ ಸಲ ಅಳೆದ. ಅಜ್ಜಿ ಮಾತ್ರ ಕೊಟ್ಟಿಗೆಯ ಮುಂದೆ ನಿಂತಿದ್ದಳು. ದನಗಳು ಎಲೆ ಮೇದು ದಪ್ಪ ದಂಟನ್ನು ಗೋದಲೆಯಲ್ಲಿ ಬಿಟ್ಟಿದ್ದವು. “ನಮ್ಗೆ ಮುದ್ದೆ ಆಯ್ತು. ಇವಕ್ಕೆ?” ಅಂದಳು. ಅಪ್ಪನ ಬಳಿ ಉತ್ತರವಿರಲಿಲ್ಲ. ಮುಂದಿನ ವರ್ಷದಿಂದ ಅರ್ಧ ಹೊಲ ಇಂಡಾಫ್, ಅರ್ಧ ಗಿಡ್ಡ ರಾಗಿ.

ಆದರೂ ಇಂಡಾಫ್ ಅನ್ನು ನಮ್ಮೂರಿಂದ ಹೊರಗೆ ದಾಟಿಸಿದವಳು ಅದೇ ಅಜ್ಜಿ. ರಾಗಿ ತನ್ನೊಳಗೇ ಕೂಡಿಕೊಂಡು ಕಾಳು ಕಟ್ಟುವ ಪೈರು ಎಂದೆನಲ್ಲ, ಆ ಗುಣವೇ ಇಲ್ಲಿ ವರವಾಯಿತು. ಒಮ್ಮೆ ತಂದರೆ ಸಾಕು. ಒಳ್ಳೆಯ ತೆನೆ ಆರಿಸಿಟ್ಟುಕೊಂಡರೆ ಮುಂದಿನ ವರ್ಷವೂ ಅದೇ ತಳಿ. ಮತ್ತೆ ಯಾರ ಬಾಗಿಲಿಗೂ ಹೋಗಬೇಕಿಲ್ಲ. ಅಜ್ಜಿ ಮಗಳ ಮನೆಗೆ ಹೋಗುವಾಗ ಸೆರಗಿನ ತುದಿಯಲ್ಲಿ ಒಂದು ಪಾವು ಬಿತ್ತನೆ ಗಂಟು ಹಾಕಿಕೊಂಡಳು. ಪಕ್ಕದ ಮನೆಯವರು ಒಂದು ಸೇರು ಕಡ ಒಯ್ದು ಸುಗ್ಗಿಯಲ್ಲಿ ಒಂದೂಕಾಲು ಸೇರು ತಂದು ಸುರಿದರು. ಮೂರು ವರ್ಷದಲ್ಲಿ ಸುತ್ತಲ ಏಳೆಂಟು ಊರಿನಲ್ಲಿ ಆ ರಾಗಿ ಇತ್ತು. ಜಿಕೆವಿಕೆಯಿಂದ ಬಂದದ್ದು ಒಂದೇ ಸೇರು. ಇದನ್ನು ಯಾರೂ ಎಲ್ಲೂ ಲೆಕ್ಕ ಬರೆದಿಡಲಿಲ್ಲ, ಯಾರೂ ಯಾರಿಗೂ ಹಣ ಕೊಡಲಿಲ್ಲ. ಬೀಜವನ್ನು ಉಳಿಸಿಕೊಳ್ಳುವ, ಹಂಚಿಕೊಳ್ಳುವ ರೈತನ ಹಕ್ಕನ್ನು 2001ರ ಕಾಯ್ದೆ ಬರಹದಲ್ಲಿ ಒಪ್ಪಿಕೊಂಡಿತು. ನಮ್ಮಜ್ಜಿಯ ಸೆರಗು ಅದಕ್ಕೂ ಮೊದಲೇ ಅದನ್ನು ಒಪ್ಪಿಕೊಂಡಿತ್ತು. ಸಾರ್ವಜನಿಕ ಹಿತ ಎಂಬ ದೊಡ್ಡ ಮಾತನ್ನು ನಾನು ಆ ಗಂಟಿನ ಗಾತ್ರದಲ್ಲೇ ಅರ್ಥ ಮಾಡಿಕೊಳ್ಳುವುದು.

ನೋವಿನ ಮಾತೊಂದನ್ನೂ ಹೇಳಬೇಕು. ಅಟ್ಟದ ಮೇಲಿನ ಮಡಕೆಗಳು ಒಂದೊಂದಾಗಿ ಬರಿದಾದವು. ಹುಲ್ಲುಬಿಳಿಯ ಹೋಯಿತು. ಗುಟ್ಟೆ ಯಾವ ವರ್ಷ ಬಿತ್ತುವುದನ್ನು ಬಿಟ್ಟೆವೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹೊಸದರ ಹುಮ್ಮಸ್ಸಿನಲ್ಲಿ ಹಳೆಯದನ್ನು ಕೈಬಿಟ್ಟವರು ನಾವೇ. ಜಿಕೆವಿಕೆಯ ತಣ್ಣನೆಯ ಕೋಣೆಯಲ್ಲಿ ಊರೂರಿಂದ ತಂದ ಸಾವಿರಾರು ರಾಗಿ ಮಾದರಿಗಳನ್ನು ಕಾಪಾಡಿದ್ದಾರೆ. ಅವುಗಳ ನಡುವೆ ನಮ್ಮ ಮನೆಯ ರಾಗಿಯ ದಾಯಾದಿ ಯಾವುದಾದರೂ ಇದ್ದೀತು ಎಂದು ನೆನೆದು ಸಮಾಧಾನಪಟ್ಟುಕೊಳ್ಳುತ್ತೇನೆ. ಹಳೆಯ ತಳಿಗಳನ್ನು ಹೊಲದಲ್ಲೇ ಬಿತ್ತಿ ಉಳಿಸುತ್ತಿರುವ ರೈತರೂ ಅಲ್ಲಲ್ಲಿ ಇದ್ದಾರೆ. ಅವರ ಹೊಲಕ್ಕೆ ಕೈಮುಗಿಯುತ್ತೇನೆ.

ಇಂಡಾಫ್ ಕೂಡ ಶಾಶ್ವತವಾಗಿ ನಿಲ್ಲಲಿಲ್ಲ. ಬೆಂಕಿ ರೋಗ ಕುತ್ತಿಗೆಗೆ ಬಿದ್ದು ತೆನೆ ಜೊಳ್ಳಾಗುವುದು ಹೆಚ್ಚಿತು. ಆಗ ಇಂಡಾಫ್ 5, ಇಂಡಾಫ್ 9ರ ರಕ್ತವನ್ನೇ ಬಳಸಿ, ರೋಗ ತಡೆಯುವ ಇನ್ನೊಂದು ತಳಿಯನ್ನು ಕೂಡಿಸಿ ಜಿಪಿಯು 28 ಹುಟ್ಟಿತು. ಈಗ ನಮ್ಮ ಕಡೆ ಜಿಪಿಯು ಎಂದರೆ ಎಲ್ಲರಿಗೂ ಗೊತ್ತು. ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಅವರು ಕೂಡಿಸಿದ್ದರ ಮೊಮ್ಮಕ್ಕಳು ನಮ್ಮ ಹೊಲದಲ್ಲಿದ್ದಾರೆ.

ಪ್ರತಿ ನವೆಂಬರಿನಲ್ಲಿ ಜಿಕೆವಿಕೆಯಲ್ಲಿ ಕೃಷಿ ಮೇಳ. ನಾಲ್ಕು ದಿನ, ಲಕ್ಷಗಟ್ಟಲೆ ಜನ. ಕೋಲಾರ, ತುಮಕೂರು, ಮಂಡ್ಯ, ಹಾಸನ, ಚಾಮರಾಜನಗರದ ಕಡೆಯಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ಅಪ್ಪ ಇರುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲ, ಈಗ ನಾನು ತಪ್ಪಿಸುವುದಿಲ್ಲ. ಯಂತ್ರಗಳ ಮಳಿಗೆಗಳನ್ನು ಬೇಗ ದಾಟಿಕೊಂಡು ತಾಕುಗಳ ಕಡೆ ನಡೆಯುತ್ತೇನೆ. ನಡುವೆ ಮುದ್ದೆ ಊಟದ ಸಾಲು. ಬಿಸಿ ಮುದ್ದೆ, ಸೊಪ್ಪಿನ ಸಾರು. ಆಚೆ ಬದಿ ಯಾವೂರಿನವರೋ, ಈಚೆ ಬದಿ ಯಾವೂರಿನವರೋ. ಮುದ್ದೆ ಮುರಿಯುತ್ತಲೇ ಮಳೆಯ ಮಾತು ಶುರುವಾಗುತ್ತದೆ, ಸಾರು ಬಡಿಸುವ ಹೊತ್ತಿಗೆ ಮಕ್ಕಳ ಮದುವೆಯವರೆಗೆ ಬಂದಿರುತ್ತದೆ.

ಕಳೆದ ಸಲ ರಾಗಿ ತಾಕಿನ ಬದುವಿನಲ್ಲಿ ಒಬ್ಬ ಮುದುಕ ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಿದಿರ ಕೋಲು. ಹೊಸ ತಳಿಯ ಮುಂದೆ ನಿಂತು ವಿವರಿಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಸಂಶೋಧನಾ ವಿದ್ಯಾರ್ಥಿನಿ. ಎಷ್ಟು ದಿನದ ಬೆಳೆ, ಎಕರೆಗೆ ಎಷ್ಟು ಕ್ವಿಂಟಾಲು, ಬೆಂಕಿ ರೋಗವನ್ನು ಹೇಗೆ ತಡೆಯುತ್ತದೆ ಎಂದೆಲ್ಲ ಹೇಳಿದಳು. ಮುದುಕ ಪೂರ್ತಿ ಕೇಳಿದ. ಆಮೇಲೆ ಬಾಗಿ, ಒಂದು ತೆನೆಯನ್ನು ಎರಡು ಬೆರಳಲ್ಲಿ ಹಿಡಿದು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ತೆನೆ ಮುರಿದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಅವಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ನಿಂತಿದ್ದಳು.

“ಕಾಳು ಚೆಂದಾಗೈತೆ ಕಣವ್ವಾ” ಅಂದ. “ಹುಲ್ಲು ಹೆಂಗೆ? ದನ ತಿಂತವಾ?”

“ಈ ತಾಕಿನ ಹುಲ್ಲನ್ನು ದನಗಳಿಗೆ ಹಾಕಿ ನೋಡಿಲ್ಲ ತಾತ. ದಂಟಿನ ದಪ್ಪ ಅಳೆದಿದ್ದೀವಿ ಅಷ್ಟೆ” ಅಂದಳು.

“ಹಾಕಿ ನೋಡವ್ವಾ. ಅವೇ ಹೇಳ್ತವೆ.”

ಅವಳು ಕೈಯಲ್ಲಿದ್ದ ಪುಸ್ತಕ ತೆರೆದು, ಬದುವಿನ ಮೇಲೆ ಕುಳಿತು, ಬರೆದುಕೊಳ್ಳತೊಡಗಿದಳು. ಮುದುಕ ತನ್ನ ಮನೆಯ ಎರಡು ಹಸುಗಳು ಯಾವ ರಾಗಿಯ ಹುಲ್ಲನ್ನು ಹೇಗೆ ಮೇಯುತ್ತವೆ ಎಂದು ಒಂದೊಂದಾಗಿ ಹೇಳುತ್ತ, ಕೋಲನ್ನು ಪಕ್ಕಕ್ಕಿಟ್ಟು, ತಾನೂ ಅವಳ ಪಕ್ಕದಲ್ಲಿ ಕುಳಿತ.